ಒಡಲಿನ ಕಾವಲು ತಪ್ಪಿದಾಗ

ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ, ಶಾಲೆಯ ಹಳೆಯ ದಿನಗಳನ್ನು ನನಗಿಂತಲೂ ಸೊಗಸಾಗಿ ವರ್ಣಿಸಬಲ್ಲವರು ಅನೇಕರಿರುವ ಕಾರಣ, ನಾನು ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯವೊಂದನ್ನು ಆರಿಸಿಕೊಂಡೆನು. ಇಲ್ಲಿ ಓದಿದವರಲ್ಲಿ ಬಹುಮಂದಿ ಈಗ ತಾಯಂದಿರಾಗಿದ್ದಾರೆ. ಕೆಲವರು ಅಜ್ಜಿಯರೂ ಆಗಿದ್ದಾರೆ. ಮನೆಯಲ್ಲಿ ಮಗುವು ಪದೇ ಪದೇ ಕಾಯಿಲೆ ಬಿದ್ದರೆ ಅದರ ಹಾಸಿಗೆಯ ಬಳಿ ರಾತ್ರಿಯೆಲ್ಲಾ ಕುಳಿತಿರುವವರು ಅವರೇ. ಇದು ಯಾರ ತಪ್ಪಿನಿಂದಾಯಿತು ಎಂಬ ಪ್ರಶ್ನೆ ಎದ್ದಾಗ ನಾಲ್ವರ ಬೆರಳು ತಿರುಗುವುದೂ ಬಹುಮಟ್ಟಿಗೆ ಅವರ ಕಡೆಗೇ.

ನಾನು ಚಿಕ್ಕವಳಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಗೃಹಿಣಿಯಿದ್ದರು. ಅವರಿಗೆ ಐವರು ಮಕ್ಕಳು ಹುಟ್ಟಿದರು. ಅವರಲ್ಲಿ ಮೂವರು ಗಂಡುಮಕ್ಕಳು. ಆ ಮೂವರೂ ಹುಟ್ಟಿದಾಗ ದುಂಡುದುಂಡಾಗಿದ್ದು, ಅನ್ನ ಉಣಿಸುವ ಕಾಲದವರೆಗೆ ಚೆನ್ನಾಗಿಯೇ ಬೆಳೆದು, ಅನಂತರ ಕೆಮ್ಮು, ಜ್ವರ, ಕಿವಿ ಸೋರುವುದು, ನ್ಯುಮೋನಿಯಾ ಇವುಗಳಿಗೆ ಒಂದಾದ ಮೇಲೊಂದರಂತೆ ಗುರಿಯಾಗಿ, ಮೂರು ವರ್ಷ ತುಂಬುವುದರೊಳಗೆ ತೀರಿಕೊಂಡರು. ಹೆಣ್ಣುಮಕ್ಕಳಿಬ್ಬರಿಗೂ ಏನೂ ಆಗಲಿಲ್ಲ. ದೃಷ್ಟಿ ತಾಗಿತೆಂದು ಕೆಲವರು ಹೇಳಿದರು. ತಾಯಿಯ ಹಾಲೇ ಕೆಟ್ಟದ್ದೆಂದು ಕೆಲವರು ಹೇಳಿದರು. ಅವರ ಅತ್ತೆಯವರಂತೂ ಸೊಸೆಯ ಕಾಲ್ಗುಣವೆಂದು ಬಾಯಿಬಿಟ್ಟೇ ಆಡುತ್ತಿದ್ದರು. ಆಕೆಯ ಸ್ವಂತ ತಮ್ಮನೊಬ್ಬನು ಎಳೆಯ ವಯಸ್ಸಿನಲ್ಲಿ ಇದೇ ರೀತಿಯಾಗಿ ಸತ್ತಿದ್ದನೆಂಬ ಸಂಗತಿಯನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಇಂದಿನ ತಜ್ಞವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಮ್ಮ ಶರೀರದ ಕಾವಲಿನ ಏರ್ಪಾಡನ್ನು ಸ್ವಲ್ಪ ಅರಿತುಕೊಳ್ಳಬೇಕು. ಚರ್ಮ, ಮೂಗಿನ ಲೋಳೆ, ಜಠರದ ಆಮ್ಲ ಮೊದಲಾದುವು ಕೋಟೆಯ ಹೊರಗೋಡೆಯಂತಿವೆ. ಗೋಡೆಯನ್ನು ದಾಟಿ ಬಂದ ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿಯ ರಕ್ತಕಣಗಳುಂಟು. ಇವಲ್ಲದೆ, ಒಮ್ಮೆ ಕಂಡ ವೈರಿಯನ್ನು ವರ್ಷಗಟ್ಟಲೆ ನೆನಪಿನಲ್ಲಿಟ್ಟುಕೊಳ್ಳಬಲ್ಲ ಇನ್ನೆರಡು ಬಗೆಯ ಕಣಗಳುಂಟು. ಇವಕ್ಕೆ ಬಿ ಕಣಗಳೆಂದೂ ಟಿ ಕಣಗಳೆಂದೂ ಹೆಸರು. ಬಿ ಕಣಗಳು ಪ್ರತಿಕಾಯಗಳೆಂಬ ಪದಾರ್ಥವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡು ಅದನ್ನು ಗುರುತಿಸಿಕೊಟ್ಟರೆ ಉಳಿದ ಕಣಗಳು ಅದನ್ನು ಸುಲಭವಾಗಿ ನಾಶಮಾಡುವುವು. ಟಿ ಕಣಗಳಾದರೋ ಎಲುಬಿನ ಮಜ್ಜೆಯಲ್ಲಿ ಜನಿಸಿ, ಎದೆಯೆಲುಬಿನ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಗೆ ಹೋಗಿ, ಅಲ್ಲಿ ಶಿಕ್ಷಣವನ್ನು ಹೊಂದುತ್ತವೆ. ತನ್ನದಾವುದು ಪರರದಾವುದು ಎಂಬ ವಿವೇಚನೆಯೇ ಆ ಶಿಕ್ಷಣ. ಆ ಶಾಲೆಯ ಪರೀಕ್ಷೆ ಬಲು ಕಠಿಣವಾದುದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಣಗಳು ತೇರ್ಗಡೆಯಾಗದೆ ಅಲ್ಲಿಯೇ ಅಳಿದುಹೋಗುತ್ತವೆ. ನಮ್ಮ ಗಣಿತದ ಉಪಾಧ್ಯಾಯಿನಿಯವರು ಕೂಡ ಇಷ್ಟು ನಿಷ್ಠುರರಾಗಿರಲಿಲ್ಲ. ತೇರ್ಗಡೆಯಾದವುಗಳಲ್ಲಿ ಕೆಲವು ಸೋಂಕು ತಗಲಿದ ಜೀವಕೋಶಗಳನ್ನು ತಾವೇ ಕೊಲ್ಲುವುವು. ಕೆಲವು ಬಿ ಕಣ ಮೊದಲಾದ ಇತರ ಕಣಗಳಿಗೆ ಕೆಲಸ ಹಚ್ಚುವುವು. ಈ ಎರಡನೆಯ ವರ್ಗಕ್ಕೆ ಸಹಾಯಕ ಕಣಗಳೆಂದು ಹೆಸರು. ಅವು ಇಲ್ಲವಾದರೆ ಮಿಕ್ಕ ಸೈನ್ಯವಿದ್ದೂ ಅಪ್ಪಣೆ ಕೊಡುವವರಿಲ್ಲದಂತಾಗುವುದು.

ಈ ಏರ್ಪಾಡಿನಲ್ಲಿ ಎಲ್ಲಿಯಾದರೂ ಲೋಪವುಂಟಾಗಬಹುದು. ಹುಟ್ಟುವಾಗಲೇ ವಂಶವಾಹಿಯ ದೋಷದಿಂದ ಬಂದ ಲೋಪಗಳು ಒಂದು ಬಗೆ. ಇವುಗಳಲ್ಲಿ ನಾನೂರೈವತ್ತಕ್ಕೂ ಹೆಚ್ಚು ಭೇದಗಳನ್ನು ಇದುವರೆಗೆ ಗುರುತಿಸಿದ್ದಾರೆ. ಕೆಲವು ನಿರಪಾಯವಾದುವು, ಕೆಲವು ಮೊದಲನೆಯ ವರ್ಷದಲ್ಲಿಯೇ ಪ್ರಾಣಾಂತಿಕವಾದುವು. ಸರಿಯಾಗಿ ಹುಟ್ಟಿ ಬೆಳೆದವರಿಗೆ ತರುವಾಯ ಬೇರೆ ಕಾರಣದಿಂದ ಒದಗುವ ಲೋಪಗಳು ಇನ್ನೊಂದು ಬಗೆ.

ಮೊದಲನೆಯ ಬಗೆಯು ವೈದ್ಯಲೋಕಕ್ಕೆ ಸ್ಪಷ್ಟವಾಗಿ ಗೋಚರಿಸಿದ್ದು ೧೯೫೨ನೆಯ ಇಸವಿಯಲ್ಲಿ. ಅಮೆರಿಕಾದ ವಾಷಿಂಗ್ಟನ್ ನಗರದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಆಗ್ಡೆನ್ ಬ್ರೂಟನ್ ಎಂಬ ಶಿಶುವೈದ್ಯರಿದ್ದರು. ಎಂಟು ವರ್ಷದ ಹುಡುಗನೊಬ್ಬನು ನಾಲ್ಕು ವರ್ಷಗಳಿಂದ ಮರಳಿ ಮರಳಿ ತೀವ್ರವಾದ ಸೋಂಕುಗಳಿಗೆ ಗುರಿಯಾಗಿ ಅವರ ಬಳಿಗೆ ಬರುತ್ತಿದ್ದನು. ರಕ್ತದಲ್ಲಿನ ಸಸಾರಜನಕಗಳನ್ನು ವಿದ್ಯುತ್ತಿನ ಸಹಾಯದಿಂದ ಬೇರ್ಪಡಿಸುವ ಯಂತ್ರವು ಆಗ ಹೊಸದಾಗಿ ಬಳಕೆಗೆ ಬಂದಿತ್ತು. ಬ್ರೂಟನ್ನರು ಆ ಹುಡುಗನ ರಕ್ತವನ್ನು ಪರೀಕ್ಷಿಸಿ ನೋಡಲಾಗಿ, ಪ್ರತಿಕಾಯಗಳಿರಬೇಕಾದ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಅಂಶವೇ ಅದರಲ್ಲಿ ಕಾಣಲಿಲ್ಲ. ಇಲ್ಲದ ಪದಾರ್ಥವನ್ನು ಹೊರಗಿನಿಂದ ಕೊಟ್ಟರಾಯಿತೆಂದು ಯೋಚಿಸಿ, ಅನ್ಯರ ರಕ್ತದಿಂದ ತೆಗೆದ ಗ್ಲಾಬ್ಯುಲಿನನ್ನು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚಿ ಕೊಡಲು ತೊಡಗಿದರು. ಪದೇ ಪದೇ ಬರುತ್ತಿದ್ದ ಆ ಸೋಂಕುಗಳು ನಿಂತುವು. ಕಾರಣವಾದ ವಂಶವಾಹಿಯು ಪತ್ತೆಯಾದದ್ದು ೧೯೯೩ರಲ್ಲಿ; ಅದಕ್ಕಿಂತ ನಾಲ್ವತ್ತು ವರ್ಷ ಮೊದಲೇ ಚಿಕಿತ್ಸೆ ದೊರಕಿತ್ತು.

ನಮ್ಮ ಬೀದಿಯ ಆ ಮಕ್ಕಳು ಅರ್ಧ ವರ್ಷ ಆರೋಗ್ಯವಾಗಿದ್ದು ಆಮೇಲೆ ಕಾಯಿಲೆ ಬಿದ್ದರಷ್ಟೆ. ಇದರ ಮರ್ಮವೂ ಈಗ ತಿಳಿದಿದೆ. ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಶಿಶುವಿನ ರಕ್ತವನ್ನು ಸೇರುತ್ತವೆ. ಹುಟ್ಟಿದ ಮಗುವು ತನ್ನ ಸ್ವಂತ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುವವರೆಗೆ ಈ ಬುತ್ತಿಯೇ ಅದನ್ನು ಕಾಪಾಡುವುದು. ಸುಮಾರು ಆರು ತಿಂಗಳಲ್ಲಿ ಬುತ್ತಿ ಬರಿದಾಗುತ್ತದೆ. ಆರೋಗ್ಯವಂತ ಮಗುವಿಗೆ ಅಷ್ಟರಲ್ಲಿ ಸ್ವಂತ ಸಂಪಾದನೆ ಆರಂಭವಾಗಿರುವುದು. ಬ್ರೂಟನ್ನರ ರೋಗವುಳ್ಳ ಮಗುವಿಗೆ ಆಗುವುದಿಲ್ಲ. ಆದುದರಿಂದ ಎಲ್ಲರ ಕಣ್ಣಿಗೂ ಚೆಲುವಾಗಿದ್ದ ಮಗು ಅನ್ನಪ್ರಾಶನದ ವೇಳೆಗೆ ಸೊರಗತೊಡಗಿದರೆ ದೃಷ್ಟಿಯೆಂದು ಜನರು ಭ್ರಮಿಸುವುದು ಸಹಜವೇ. ವಾಸ್ತವದಲ್ಲಿ ಆ ತಾಯಿಯು ಮಗುವನ್ನು ಕೊಂದವಳಲ್ಲ; ಅಷ್ಟು ದಿನ ಅದು ಬದುಕಿದ್ದುದೇ ಅವಳು ಕೊಟ್ಟ ಬುತ್ತಿಯಿಂದ.

ಯಾವ ಮಗುವಿಗೆ ನೆಗಡಿಯಾಗುವುದಿಲ್ಲ? ಶಾಲೆಗೆ ಸೇರಿದ ಹೊಸತರಲ್ಲಿ ವರ್ಷಕ್ಕೆ ಆರೇಳು ಸಲ ಶೀತವಾಗುವುದು ಸಾಮಾನ್ಯ, ಅದಕ್ಕಾಗಿ ಹೆದರಬೇಕಾದುದಿಲ್ಲ. ಆದರೆ ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಬಂದರೆ, ನಾಲ್ಕು ಸಲ ಕಿವಿಯಲ್ಲಿ ಕೀವಾದರೆ, ಎರಡು ತಿಂಗಳು ಔಷಧ ಕೊಟ್ಟರೂ ಸೋಂಕು ಬಗ್ಗದಿದ್ದರೆ, ಮಗುವಿನ ತೂಕ ಏರದೆ ನಿಂತರೆ, ಒಳ ಅಂಗಗಳಲ್ಲಿ ಕೀವುಗಟ್ಟಿದ ಬಾವುಗಳು ಮತ್ತೆ ಮತ್ತೆ ಎದ್ದರೆ, ಒಂದು ವರ್ಷ ಕಳೆದರೂ ಬಾಯಲ್ಲಿ ಮೊಸರಿನಂಥ ಬಿಳಿಯ ಲೇಪ ಹೋಗದಿದ್ದರೆ, ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು. ಮೊದಲನೆಯ ಪರೀಕ್ಷೆಗಳು ದೊಡ್ಡವೇನೂ ಅಲ್ಲ. ಬಿಳಿಯ ಕಣಗಳ ಎಣಿಕೆ, ಪ್ರತಿಕಾಯಗಳ ಅಳತೆ, ಇಷ್ಟರಿಂದಲೇ ಎಷ್ಟೋ ವೇಳೆ ಸುಳಿವು ಸಿಕ್ಕುತ್ತದೆ. ವಂಶದಲ್ಲಿ ಹಸುಳೆಗಳು ಹೀಗೆ ಸತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಸತ್ತವರ ಮಾತನ್ನು ಹೇಳುವುದು ಅಶುಭವೆಂದು ಮುಚ್ಚಿಡುವ ವಾಡಿಕೆಯಿಂದ ಆಗುವ ಹಾನಿ ಸಣ್ಣದಲ್ಲ.

ಬ್ರೂಟನ್ನರ ರೋಗಕ್ಕಿಂತಲೂ ಭಯಂಕರವಾದ ಇನ್ನೊಂದುಂಟು. ಇದರಲ್ಲಿ ಟಿ ಕಣಗಳೇ ಇರುವುದಿಲ್ಲ. ಬಿ ಕಣಗಳಿದ್ದರೂ ಅಪ್ಪಣೆಯಿಲ್ಲದೆ ಸುಮ್ಮನಿರುವುವು. ತಾಯಿಯ ಬುತ್ತಿಯು ಇಲ್ಲಿ ಸಾಲದು. ಮೊದಲ ಕೆಲವು ತಿಂಗಳುಗಳಲ್ಲಿಯೇ ಮಗು ನೆಲಹಿಡಿಯುತ್ತದೆ. ಅಮೆರಿಕಾದ ಹ್ಯೂಸ್ಟನ್ ನಗರದಲ್ಲಿ ೧೯೭೧ರಲ್ಲಿ ಹುಟ್ಟಿದ ಡೇವಿಡ್ ವೆಟರ್ ಎಂಬ ಬಾಲಕನ ಕಥೆಯನ್ನು ಕೆಲವರು ಕೇಳಿರಬಹುದು. ಅವನ ಅಣ್ಣನು ಈ ರೋಗದಿಂದ ಏಳು ತಿಂಗಳಿಗೆ ಸತ್ತಿದ್ದನಾದ್ದರಿಂದ, ಡೇವಿಡನನ್ನು ಹುಟ್ಟಿದ ಕ್ಷಣಾರ್ಧದಲ್ಲಿ ರೋಗಾಣುರಹಿತವಾದ ಪಾರದರ್ಶಕ ಗೂಡಿನೊಳಗೆ ಇರಿಸಿದರು. ಗಾಳಿ, ನೀರು, ಆಹಾರ, ಆಟದ ಸಾಮಾನು ಎಲ್ಲವೂ ಶುದ್ಧಮಾಡಲ್ಪಟ್ಟು ಒಳಗೆ ಹೋಗಬೇಕಾಗಿತ್ತು. ತಾಯಿಯು ಅವನನ್ನು ಮುಟ್ಟುತ್ತಿದ್ದುದು ಗೂಡಿನ ಗೋಡೆಗೆ ಜೋಡಿಸಿದ ದಪ್ಪ ಕೈಗವಸುಗಳ ಮೂಲಕವಾಗಿ ಮಾತ್ರ. ಹನ್ನೆರಡು ವರ್ಷ ಹೀಗೆ ಕಳೆದ ಮೇಲೆ, ೧೯೮೩ರಲ್ಲಿ ಅಕ್ಕನ ಎಲುಬಿನ ಮಜ್ಜೆಯನ್ನು ಅವನಿಗೆ ಕಸಿಮಾಡಿದರು. ಆ ಮಜ್ಜೆಯಲ್ಲಿ ಯಾರಿಗೂ ಕಾಣದಂತೆ ಅಡಗಿದ್ದ ವೈರಸ್ಸಿನಿಂದ ಅವನಿಗೆ ಅರ್ಬುದವುಂಟಾಗಿ ೧೯೮೪ರ ಫೆಬ್ರವರಿಯಲ್ಲಿ ತೀರಿಕೊಂಡನು. ಕೊನೆಯ ದಿನಗಳಲ್ಲಿ ಗೂಡಿನಿಂದ ಹೊರಗೆ ತೆಗೆದಾಗ ತಾಯಿಯು ಅವನನ್ನು ಮೊದಲ ಬಾರಿಗೆ ಬರಿಯ ಕೈಯಿಂದ ಮುಟ್ಟಿದಳು. ವಿಜ್ಞಾನವು ಮಗುವೊಂದನ್ನು ಹೀಗೆ ಬೆಳೆಸಿದ್ದು ಸರಿಯೋ ಎಂದು ಆಗಲೇ ಅನೇಕರು ಕೇಳಿದ್ದರು. ನನಗೂ ಇದಕ್ಕೆ ಉತ್ತರ ಹೊಳೆದಿಲ್ಲ.

ಮಜ್ಜೆಯ ಕಸಿಯು ಅಷ್ಟು ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ೧೯೬೮ರಲ್ಲಿ ಮಿನೆಸೋಟಾದ ರಾಬರ್ಟ್ ಗುಡ್ ಎಂಬ ವೈದ್ಯರು ಇದೇ ರೋಗದ ಒಂದು ಗಂಡುಮಗುವಿಗೆ, ಹೊಂದಿಕೆಯಾಗುವ ಅಕ್ಕನ ಮಜ್ಜೆಯನ್ನು ಕೊಟ್ಟು ಬದುಕಿಸಿದ್ದರು. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆಯಾಗುವ ಸಂಭವ ನಾಲ್ಕರಲ್ಲೊಂದು. ಸಿಕ್ಕದಿದ್ದರೆ ಅರ್ಧ ಹೊಂದುವ ತಂದೆಯ ಅಥವಾ ತಾಯಿಯ ಮಜ್ಜೆಯನ್ನೇ ಕಸಿಮಾಡುವ ವಿಧಾನಗಳು ಈಗ ಬಂದಿವೆ. ನಮ್ಮಲ್ಲಿ ಬೆಂಗಳೂರು, ವೆಲ್ಲೂರು, ಚೆನ್ನೈಗಳಲ್ಲಿ ಮಜ್ಜೆಯ ಕಸಿಯು ನಡೆಯುತ್ತಿದೆ. ಆದರೆ ಕಾಲವೇ ಇಲ್ಲಿ ಮುಖ್ಯ. ೨೦೦೦ದಿಂದ ೨೦೦೯ರವರೆಗೆ ಉತ್ತರ ಅಮೆರಿಕಾದ ೨೫ ಆಸ್ಪತ್ರೆಗಳಲ್ಲಿ ಕಸಿಯಾದ ೨೪೦ ಶಿಶುಗಳ ಲೆಕ್ಕವನ್ನು ತೆಗೆದಾಗ, ಮೂರೂವರೆ ತಿಂಗಳೊಳಗೆ ಕಸಿಯಾದವರಲ್ಲಿ ನೂರಕ್ಕೆ ೯೪ ಮಂದಿ ಐದು ವರ್ಷಗಳ ತರುವಾಯವೂ ಬದುಕಿದ್ದರು. ಅದಕ್ಕಿಂತ ದೊಡ್ಡವರಾಗಿ ಸೋಂಕಿನಿಂದ ನರಳುತ್ತಿರುವಾಗಲೇ ಕಸಿಯಾದವರಲ್ಲಿ ಬದುಕಿದ್ದವರು ಅರ್ಧದಷ್ಟು ಮಾತ್ರ. ಈ ಕಾರಣದಿಂದಲೇ ಅಮೆರಿಕಾದಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಟಿ ಕಣಗಳ ಗುರುತನ್ನು ಹುಡುಕುವ ಪರೀಕ್ಷೆಯನ್ನು ೨೦೦೮ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಆರಂಭಿಸಿತು. ೨೦೧೮ರ ಕೊನೆಯ ಹೊತ್ತಿಗೆ ಎಲ್ಲ ಸಂಸ್ಥಾನಗಳೂ ಅದನ್ನು ಅಂಗೀಕರಿಸಿದ್ದುವು.

ನಮ್ಮ ದೇಶದ ತಾಯಂದಿರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಕ್ಷಯರೋಗದ ವಿರುದ್ಧ ಹುಟ್ಟಿದೊಡನೆ ಹಾಕುವ ಬಿ.ಸಿ.ಜಿ. ಲಸಿಕೆಯೂ ಬಾಯಿಗೆ ಹಾಕುವ ಪೋಲಿಯೋ ಹನಿಯೂ ಬಲಗುಂದಿಸಿದ, ಆದರೆ ಜೀವವಿರುವ ರೋಗಾಣುಗಳಿಂದಾದುವು. ಸಾಮಾನ್ಯ ಮಕ್ಕಳಿಗೆ ಇವು ರಕ್ಷೆ, ಇವನ್ನು ತಪ್ಪಿಸಕೂಡದು. ಟಿ ಕಣಗಳೇ ಇಲ್ಲದ ಮಗುವಿಗಾದರೋ ಆ ಬಲಗುಂದಿದ ಕ್ರಿಮಿಯೇ ಮೈಯೆಲ್ಲಾ ಹರಡಿ ಕೊಲ್ಲಬಲ್ಲುದು. ಹಿಂದಿನ ಮಗುವನ್ನು ಕಾರಣ ತಿಳಿಯದ ಸೋಂಕಿನಿಂದ ಕಳೆದುಕೊಂಡಿರುವ ತಾಯಿಯು ಮುಂದಿನ ಹೆರಿಗೆಗೆ ಮುಂಚೆಯೇ ಇದನ್ನು ವೈದ್ಯರಿಗೆ ತಿಳಿಸಿದರೆ, ರಕ್ತಪರೀಕ್ಷೆಯ ಫಲ ಬರುವವರೆಗೆ ಈ ಲಸಿಕೆಗಳನ್ನು ತಡೆದಿಡಬಹುದು. ಒಂದು ಮಾತಿನಿಂದ ಒಂದು ಪ್ರಾಣ ಉಳಿಯುವ ಸಂದರ್ಭಗಳು ವೈದ್ಯದಲ್ಲಿ ಹೆಚ್ಚಾಗಿಲ್ಲ, ಇದು ಅಂಥದೊಂದು.

ಇನ್ನು, ದೋಷವು ಬರುವುದೆಲ್ಲಿಂದ? ಬ್ರೂಟನ್ನರ ರೋಗದ ವಂಶವಾಹಿಯೂ ಡೇವಿಡನಿಗಿದ್ದ ರೋಗದ ವಂಶವಾಹಿಯೂ ಎಕ್ಸ್ ಎಂಬ ವರ್ಣತಂತುವಿನ ಮೇಲಿವೆ. ಹೆಂಗಸರಿಗೆ ಇಂಥ ತಂತುಗಳು ಎರಡು. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಗಂಡಸರಿಗೆ ಇರುವುದೊಂದೇ, ಅದೂ ತಾಯಿಯಿಂದ ಬಂದದ್ದು. ದೋಷವನ್ನು ಹೊತ್ತ ತಾಯಿಗೆ ಹುಟ್ಟುವ ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಂಭವ ಅರ್ಧ. ಪ್ರತಿಯೊಬ್ಬ ಮಗಳೂ ತಾಯಿಯಂತೆಯೇ ಆರೋಗ್ಯದಿಂದಿದ್ದು ದೋಷವನ್ನು ಹೊತ್ತಿರುವ ಸಂಭವ ಅರ್ಧ. ಎಷ್ಟೋ ವೇಳೆ ವಂಶದಲ್ಲಿ ಹಿಂದೆಂದೂ ಇಲ್ಲದ ದೋಷವು ಹೊಸದಾಗಿ ಹುಟ್ಟಿಕೊಳ್ಳುವುದೂ ಉಂಟು. ಹೀಗಿರಲು ರೋಗವು ತಾಯಿಯ ಮೂಲಕ ಬಂದುದಲ್ಲವೆಂದು ಸುಳ್ಳು ಸಮಾಧಾನವನ್ನು ಹೇಳಲಾರೆನು. ತಾಯಿಯ ಮೂಲಕ ಬರುವುದು ಬೇರೆ, ತಾಯಿಯ ತಪ್ಪಿನಿಂದ ಬರುವುದು ಬೇರೆ. ಆಕೆಯು ಅದನ್ನು ತನ್ನ ಹಿಂದಿನವರಿಂದ ಅರಿಯದೆ ಪಡೆದು ಅರಿಯದೆ ಕೊಟ್ಟಳು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪವೆಂದು ಕೇಳಿದ ಪ್ರಸಂಗವು ಯೋಹಾನನ ಸುವಾರ್ತೆಯ ೯ನೆಯ ಅಧ್ಯಾಯದಲ್ಲಿದೆ. ಕರ್ತನು ಆ ಮನುಷ್ಯನನ್ನಾಗಲಿ ಅವನ ತಂದೆತಾಯಿಗಳನ್ನಾಗಲಿ ಅದಕ್ಕೆ ಹೊಣೆಯಾಗಿಸಲಿಲ್ಲ.

ಬೇರೆ ಕೆಲವು ಲೋಪಗಳು ತಂದೆ ತಾಯಿ ಇಬ್ಬರಲ್ಲಿಯೂ ಅಡಗಿರುವ ದೋಷಗಳು ಒಂದುಗೂಡಿದಾಗ ಮಾತ್ರ ಪ್ರಕಟವಾಗುತ್ತವೆ. ರಕ್ತಸಂಬಂಧಿಗಳಲ್ಲಿ ಒಂದೇ ದೋಷವಿರುವ ಸಂಭವ ಹೆಚ್ಚಾದುದರಿಂದ, ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವಿವಾಹವಾಗುವ ನಮ್ಮ ನಾಡಿನ ಪದ್ಧತಿಯನ್ನು ಇಲ್ಲಿ ನೆನೆಯಲೇಬೇಕು. ೧೯೮೦ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳ ವಿಷಯವಾಗಿ ನಡೆದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ದಂಪತಿಗಳು ರಕ್ತಸಂಬಂಧಿಗಳೆಂದು ಕಂಡುಬಂತು. ಅಂಥ ವಿವಾಹದ ಮಕ್ಕಳಲ್ಲಿ ಬಹುಮಂದಿ ಆರೋಗ್ಯವಂತರೇ ಸರಿ. ಆದರೂ ಮನೆತನದಲ್ಲಿ ಹಸುಳೆಗಳು ಸತ್ತ ಇತಿಹಾಸವಿದ್ದರೆ, ಆಸ್ತಿ ಒಡೆಯಬಾರದೆಂಬ ಒಂದೇ ಕಾರಣಕ್ಕೆ ಇನ್ನೊಮ್ಮೆ ಅದೇ ಸಂಬಂಧವನ್ನು ಬೆಳೆಸುವುದು ವಿವೇಕವಲ್ಲವೆಂದು ನನ್ನ ಅಭಿಪ್ರಾಯ.

ಪ್ರತಿಕಾಯಗಳಿಲ್ಲದವರಿಗೆ ಬ್ರೂಟನ್ನರು ಕೊಟ್ಟ ಚಿಕಿತ್ಸೆಯೇ ಸುಧಾರಿಸಿದ ರೂಪದಲ್ಲಿ ಇಂದಿಗೂ ನಡೆಯುತ್ತಿದೆ. ಸಾವಿರಾರು ದಾನಿಗಳ ರಕ್ತರಸವನ್ನು ಕೂಡಿಸಿ ಅದರಿಂದ ಇಮ್ಯುನೊಗ್ಲಾಬ್ಯುಲಿನನ್ನು ಬೇರ್ಪಡಿಸುತ್ತಾರೆ. ಶರೀರದಲ್ಲಿ ಅದು ಸುಮಾರು ಮೂರು ವಾರಗಳಲ್ಲಿ ಅರ್ಧಕ್ಕಿಳಿಯುವುದರಿಂದ ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತನಾಳದ ಮೂಲಕ, ಇಲ್ಲವೆ ವಾರಕ್ಕೊಮ್ಮೆ ಚರ್ಮದ ಕೆಳಗೆ, ಜೀವಮಾನವಿಡೀ ಕೊಡಬೇಕು. ಇಪ್ಪತ್ತು ಕಿಲೋ ತೂಗುವ ಮಗುವಿಗೆ ಪ್ರತಿಸಲವೂ ಎಂಟರಿಂದ ಹನ್ನೆರಡು ಗ್ರಾಂ ಬೇಕಾಗುವುದು. ಮಗು ಬೆಳೆದಂತೆ ಅಳತೆಯೂ ವೆಚ್ಚವೂ ಬೆಳೆಯುವುವು. ನಾವು ಯಾರೋ ಅಪರಿಚಿತರಿಗೆಂದು ಕೊಡುವ ರಕ್ತದ ರಸವು ಇಂಥ ಮಕ್ಕಳಿಗೂ ಸಲ್ಲಬಹುದೆಂಬುದನ್ನು ರಕ್ತದಾನಕ್ಕೆ ಹಿಂಜರಿಯುವವರು ತಿಳಿಯಲಿ.

ದೋಷವುಳ್ಳ ವಂಶವಾಹಿಗೆ ಬದಲಾಗಿ ಸರಿಯಾದುದನ್ನು ರೋಗಿಯ ಕಣಗಳೊಳಗೆ ಸೇರಿಸುವ ಪ್ರಯತ್ನವು ೧೯೯೦ರ ಸೆಪ್ಟೆಂಬರಿನಲ್ಲಿ ಅಮೆರಿಕಾದಲ್ಲಿ ನಾಲ್ಕು ವರ್ಷದ ಬಾಲಿಕೆಯೊಬ್ಬಳಿಂದ ಮೊದಲಾಯಿತು. ಪ್ಯಾರಿಸಿನ ಮಕ್ಕಳಲ್ಲಿ ಇದು ಫಲಿಸಿತಾದರೂ ಕೆಲವರಿಗೆ ತರುವಾಯ ರಕ್ತದ ಅರ್ಬುದವುಂಟಾದುದರಿಂದ ವಿಧಾನವನ್ನು ತಿದ್ದಬೇಕಾಯಿತು. ಇದು ಇನ್ನೂ ನಮ್ಮೆಲ್ಲರ ಕೈಗೆ ಎಟಕುವ ಚಿಕಿತ್ಸೆಯಲ್ಲ. ವೆಚ್ಚದ ವಿಷಯದಲ್ಲಿ ಒಂದು ಸಹಾಯವುಂಟು. ಭಾರತ ಸರಕಾರವು ೨೦೨೧ರಲ್ಲಿ ಹೊರಡಿಸಿದ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಮಜ್ಜೆಯ ಕಸಿಯಿಂದ ಗುಣವಾಗುವ ಇಂಥ ಕೆಲವು ಲೋಪಗಳು ಸೇರಿವೆ. ಸಹಾಯಧನದ ಮಿತಿಯನ್ನು ೨೦೨೨ರಲ್ಲಿ ಐವತ್ತು ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಇದಕ್ಕಾಗಿ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು.

ಎರಡನೆಯ ಬಗೆಯ, ಅಂದರೆ ಹುಟ್ಟಿದ ಮೇಲೆ ಒದಗುವ ಲೋಪಗಳು ಮೊದಲಿನವುಗಳಿಗಿಂತ ಬಹುಪಾಲು ಹೆಚ್ಚು. ಹೊಟ್ಟೆಗೆ ಸಾಲದಿರುವುದೇ ಇವುಗಳಲ್ಲೆಲ್ಲಾ ದೊಡ್ಡ ಕಾರಣ. ದಡಾರವು ಬಂದು ಹೋದ ಮಗುವಿನಲ್ಲಿ ಹಿಂದೆ ಗಳಿಸಿದ ಪ್ರತಿಕಾಯಗಳ ನೆನಪು ಬಹಳಮಟ್ಟಿಗೆ ಅಳಿಸಿಹೋಗುತ್ತದೆಂದು ೨೦೧೯ರಲ್ಲಿ ಸಿದ್ಧಪಟ್ಟಿತು. ಅರ್ಬುದಕ್ಕೆ ಕೊಡುವ ತೀಕ್ಷ್ಣ ಔಷಧಗಳು, ದೀರ್ಘಕಾಲ ಸೇವಿಸಿದ ಸ್ಟೆರಾಯ್ಡುಗಳು, ಹತೋಟಿಯಲ್ಲಿಲ್ಲದ ಸಿಹಿಮೂತ್ರ, ಇವೂ ಕಾವಲನ್ನು ಸಡಿಲಿಸುವುವು. ಈಚೆಗೆ ಅಂಗಡಿಗಳಲ್ಲಿ ನಿರೋಧಶಕ್ತಿಯನ್ನು ಹೆಚ್ಚಿಸುವುದಾಗಿ ಹೇಳುವ ಪುಡಿಗಳೂ ಕಷಾಯಗಳೂ ರಾಶಿಬಿದ್ದಿವೆ. ಇಲ್ಲದ ವಂಶವಾಹಿಯನ್ನು ಯಾವ ಪುಡಿಯೂ ತಂದುಕೊಡಲಾರದು. ಹೊಟ್ಟೆತುಂಬ ಊಟ, ಕಾಲಕ್ಕೆ ಸರಿಯಾದ ಲಸಿಕೆ, ಇವು ಆ ಡಬ್ಬಿಗಳಿಗಿಂತ ಅಗ್ಗವೂ ಹೌದು, ಫಲಕಾರಿಯೂ ಹೌದು.

ಈ ವರ್ಗದಲ್ಲಿ ಜನರು ಹೆಸರು ಹೇಳಲು ಅಂಜುವ ರೋಗವೊಂದುಂಟು. ಎಚ್.ಐ.ವಿ. ಎಂಬ ವೈರಸ್ಸು, ಮೇಲೆ ಹೇಳಿದ ಸಹಾಯಕ ಟಿ ಕಣಗಳೊಳಗೇ ಮನೆಮಾಡಿಕೊಂಡು ಅವುಗಳನ್ನು ವರ್ಷಗಳ ಕಾಲದಲ್ಲಿ ಮೆಲ್ಲಮೆಲ್ಲನೆ ಅಳಿಸಿಬಿಡುತ್ತದೆ. ಕೊನೆಗೆ ಉಂಟಾಗುವ ಸ್ಥಿತಿಯೇ ಏಡ್ಸ್. ರೋಗವನ್ನು ಮೊದಲು ವರದಿಮಾಡಿದ್ದು ೧೯೮೧ರಲ್ಲಿ, ಅಮೆರಿಕಾದಲ್ಲಿ. ವೈರಸ್ಸನ್ನು ೧೯೮೩ರಲ್ಲಿ ಪ್ಯಾರಿಸಿನ ಪಾಸ್ಟರ್ ಸಂಸ್ಥೆಯಲ್ಲಿ ಕಂಡುಹಿಡಿದವರಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಎಂಬ ಮಹಿಳೆಯು ಮುಖ್ಯಳು. ಆಕೆಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು. ನಮ್ಮ ದೇಶದಲ್ಲಿ ಇದನ್ನು ಪತ್ತೆಮಾಡಿದವರೂ ಹೆಂಗಸರೇ. ೧೯೮೬ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜಿನ ಡಾಕ್ಟರ್ ಸುನೀತಿ ಸಾಲೊಮನ್ನರು ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ಸಂಶೋಧನೆಯನ್ನು ಒಪ್ಪಿಸಿದರು. ನಮ್ಮಲ್ಲಿ ಈ ರೋಗವಿರಲಾರದೆಂದು ಎಲ್ಲರೂ ನಂಬಿದ್ದ ಕಾಲವದು. ನಿರ್ಮಲಾ ಅವರು ಎಂಬತ್ತು ಮಂದಿ ಹೆಂಗಸರ ರಕ್ತವನ್ನು ಸಂಗ್ರಹಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು, ಪತಿಯೊಡನೆ ರಾತ್ರಿಯ ರೈಲಿನಲ್ಲಿ ಕಾಟ್ಪಾಡಿಗೆ ಬಂದು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರರಲ್ಲಿ ಸೋಂಕು ಕಂಡಿತು. ಐಡಾ ಸ್ಕಡರಮ್ಮನವರು ೧೯೦೦ದಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿ, ೧೯೧೮ರಲ್ಲಿ ಹೆಂಗಸರ ವೈದ್ಯಕೀಯ ಶಾಲೆಯನ್ನು ತೆರೆದ ಸಂಸ್ಥೆಯದು.

ಇದು ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಶಿಶು, ಈ ಮೂರು ದಾರಿಗಳಿಂದ ಹರಡುತ್ತದೆ. ಒಂದೇ ಬೆಂಚಿನಲ್ಲಿ ಕುಳಿತು ಬುತ್ತಿ ಉಂಡರೆ ಹರಡುವುದಿಲ್ಲ. ನಮ್ಮಲ್ಲಿ ಅನೇಕ ಹೆಂಗಸರಿಗೆ ಇದು ಬಂದದ್ದು ಕಟ್ಟಿಕೊಂಡ ಗಂಡನಿಂದಲೇ. ಆದರೂ ಮನೆಯಿಂದ ಹೊರಹಾಕಲ್ಪಟ್ಟವರು ಅವರು. ೧೯೮೭ರಲ್ಲಿ ಮೊದಲನೆಯ ಔಷಧವೂ, ೧೯೯೬ರ ಸುಮಾರಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ವಿಧಾನವೂ ಬಂದುವು. ಸರಕಾರವು ಈ ಔಷಧಗಳನ್ನು ೨೦೦೪ರ ಏಪ್ರಿಲ್ ೧ರಿಂದ ಉಚಿತವಾಗಿ ಕೊಡತೊಡಗಿತು. ವೈರಸ್ಸು ಪೂರ್ತಿ ಹೋಗುವುದಿಲ್ಲ. ಅದು ಕೆಲವು ಕಣಗಳಲ್ಲಿ ಮಲಗಿರುವುದರಿಂದ ಔಷಧವನ್ನು ಜೀವಮಾನವೂ ತಪ್ಪದೆ ಸೇವಿಸಬೇಕು. ಹಾಗೆ ಸೇವಿಸಿ ರಕ್ತದಲ್ಲಿ ವೈರಸ್ಸು ಅಳತೆಗೆ ಸಿಕ್ಕದಷ್ಟು ಕಡಮೆಯಾದವರಿಂದ ಬಾಳಸಂಗಾತಿಗೆ ರೋಗ ತಗಲುವುದಿಲ್ಲ. ಚಿಕಿತ್ಸೆಯಿಲ್ಲದ ತಾಯಿಯಿಂದ ಶಿಶುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ ೧೫ರಿಂದ ೪೫. ಬಸಿರಿನಿಂದ ಮೊದಲ್ಗೊಂಡು ಮೊಲೆಯೂಡ ಮುಗಿಯುವವರೆಗೂ ಚಿಕಿತ್ಸೆ ನಡೆದರೆ ಐದಕ್ಕೂ ಕಡಮೆ. ಗರ್ಭಿಣಿಗೆ ರಕ್ತಪರೀಕ್ಷೆ ಮಾಡಿಸೆಂದು ಹೇಳಿದಾಗ ಅದನ್ನು ಅವಮಾನವೆಂದು ಭಾವಿಸುವ ಮನೆಯವರು ಈ ಎರಡು ಅಂಕೆಗಳನ್ನು ಹೋಲಿಸಿ ನೋಡಲಿ. ಸೋಂಕಿರುವ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದಿರುವುದೂ ಬೇರೆ ಕೂರಿಸುವುದೂ ೨೦೧೭ರ ಶಾಸನದ ಪ್ರಕಾರ ನಿಷಿದ್ಧ. ಅದು ೨೦೧೮ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ನಮ್ಮ ಬೀದಿಯ ಆ ಗೃಹಿಣಿಯ ಕಿರಿಯ ಮಗಳು ನಮ್ಮ ಶಾಲೆಯಲ್ಲಿಯೇ ಓದಿದವಳು. ಮದುವೆಯಾಗಿ ಗಂಡುಮಗುವನ್ನು ಹೆತ್ತಳು. ಆ ಮಗುವಿಗೆ ಒಂಬತ್ತು ತಿಂಗಳಲ್ಲಿ ಎರಡನೆಯ ಸಲ ನ್ಯುಮೋನಿಯಾ ಬಂದಾಗ ಆಸ್ಪತ್ರೆಯ ಕಿರಿಯ ವೈದ್ಯೆಯೊಬ್ಬಳು, "ನಿಮ್ಮ ತಾಯಿಯವರಿಗೆ ಗಂಡುಮಕ್ಕಳಿದ್ದರೇನಮ್ಮಾ?" ಎಂದು ಕೇಳಿದಳಂತೆ. ಅಜ್ಜಿಯೇ ಎದ್ದುನಿಂತು ಮೂವರ ಹೆಸರನ್ನೂ, ತನ್ನ ತಮ್ಮನ ಹೆಸರನ್ನೂ ಹೇಳಿದರು. ರಕ್ತದಲ್ಲಿ ಪ್ರತಿಕಾಯಗಳಿರಲಿಲ್ಲ. ಈಗ ಆ ಹುಡುಗನು ನಾಲ್ಕನೆಯ ತರಗತಿಯಲ್ಲಿದ್ದಾನೆ. ನಾಲ್ಕು ವಾರಗಳಿಗೊಮ್ಮೆ ಬುಧವಾರ ಶಾಲೆಗೆ ರಜೆ ಪಡೆಯುತ್ತಾನೆ. ಆ ದಿನ ಅವನ ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ, ಸೀಸೆ ಬರಿದಾಗುವವರೆಗೆ ಪಕ್ಕದಲ್ಲಿ ಕುಳಿತು ಕಥೆ ಹೇಳುವವರು ಅವನ ಅಜ್ಜಿ.